ಸುಮ್ಮನೆ ಕಾಪುವಿಗೆ ಹೋದದ್ದು

ಎಲ್ಲ ತಾಪತ್ರಯಕ್ಕೆ ಕಾರಣ ಒಂದು ಬಣ್ಣದ ಫೋಟೋ. ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟಿದ್ದ ಲಿಯೋನೆಲನಿಗೆ ಅದನ್ನು ತೋರಿಸಿದವಳು ರವಿಕೆ ಹೊಲಿಸಲು ಬಂದ ಪ್ಯಾಟ್ರಿಶಿಯಾ. ಅವಳ ಗಂಡ ಇಮ್ಯಾನುಯೆಲ್ ಹಡಗಿನಲ್ಲಿ ಅಡುಗೆಯವನು. ಹಡಗು ಬಾರ್ಬಡೋಸ್ ಎಂಬ ದ್ವೀಪದಲ್ಲಿ ನಿಂತಾಗ ಅವನು ತೆಗೆದ ಫೋಟೋ ಅದು. ತೆಂಗಿನ ಗರಿಯ ಕೊಡೆಯ ಕೆಳಗೆ ಒಬ್ಬ ಬಿಳಿಯ ದೊರೆ, ಒಬ್ಬಳು ದೊರೆಸಾನಿ ಕಡಲದಂಡೆಯ ಹೊಯಿಗೆಯ ಮೇಲೆ ಕಾಲು ಚಾಚಿ ಮಲಗಿದ್ದರು. ಇಬ್ಬರ ಕೈಯಲ್ಲೂ ಎಳನೀರಿನ ಬೊಂಡ.

ಕಡಲು, ತೆಂಗು, ಹೊಯಿಗೆ ಯಾವುದೂ ಲಿಯೋನೆಲನಿಗೆ ಹೊಸತಲ್ಲ. ಅವನನ್ನು ಹಿಡಿದು ನಿಲ್ಲಿಸಿದ್ದು ಆ ದೊರೆಯ ಮುಖ. ಆ ಮನುಷ್ಯನನ್ನು ಯಾರೂ ಏನನ್ನೂ ಕೇಳುತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಪ್ಯಾಂಟು ಯಾವಾಗ ಸಿಗುತ್ತದೆ, ತೋಳು ಯಾಕೆ ಬಿಗಿ, ಉಳಿದ ಬಟ್ಟೆ ಎಲ್ಲಿ ಎಂಬ ಪ್ರಶ್ನೆಗಳ ನಡುವೆ ಮೆಷಿನಿಗೆ ಬಗ್ಗಿಯೇ ಪ್ರಾಯ ಕಳೆದಿದ್ದ ಲಿಯೋನೆಲನಿಗೆ ಹೊಟ್ಟೆ ಉರಿಯಿತು. ತಾನೂ ಒಂದು ದಿನ, ಒಂದೇ ಒಂದು ದಿನ, ಹೆಂಡತಿಯ ಪಕ್ಕದಲ್ಲಿ ಹೀಗೆ ಬಿದ್ದುಕೊಳ್ಳಬೇಕು ಎಂದು ಅವನಿಗೆ ಬಲವಾಗಿ ಆಸೆಯಾಯಿತು.

ಕ್ರಿಸ್ಮಸ್ಸಿನ ಹೊಲಿಗೆಯ ಗಲಾಟೆ ಮುಗಿದು ಜನವರಿ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ:

“ಕಾನ್ಸೆಪ್ಟಾ, ನಾಳೆ ಕಾಪು ಕಡಲಿಗೆ ಹೋಗುವ.”

ಕಾನ್ಸೆಪ್ಟಾಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. “ಯಾರು ತೀರಿಕೊಂಡದ್ದು?”

“ಯಾರೂ ಇಲ್ಲ.”

“ಮತ್ತೆ ಎಂತಕ್ಕೆ?”

“ಸುಮ್ಮನೆ.”

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಒಪ್ಪಿದಳು ಎಂದು ಲಿಯೋನೆಲ್ ತಿಳಿದುಕೊಂಡ. ಬೆಳಿಗ್ಗೆ ಅವಳು ಪಕ್ಕದ ಮನೆಯ ಮೇಬಲ್ ಬಾಯಿಗೆ ಬೀಗದ ಕೈ ಕೊಡಲು ಹೋದವಳು ತುಂಬ ಹೊತ್ತು ಬರಲಿಲ್ಲ. ಅದಕ್ಕೂ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಉಡುಪಿ ಬಸ್ಸಿನ ಕಂಡಕ್ಟರ್ ಭೋಜ ಲಿಯೋನೆಲನ ಹಳೆಯ ಗಿರಾಕಿ. ಪ್ರಯಾಣಿಕರ ಸುದ್ದಿ ಕೇಳದೆ ಟಿಕೆಟ್ ಹರಿದರೆ ಅವನಿಗೆ ಮಧ್ಯಾಹ್ನದ ಊಟ ಜೀರ್ಣವಾಗುತ್ತಿರಲಿಲ್ಲ.

“ಓ ಲಿಯೋನೆಲ್, ಚಾಪೆ ಹಿಡಿದುಕೊಂಡು ಎಲ್ಲಿಗೆ? ಎಂತ ವಿಶೇಷ?”

“ಕಾಪುವಿಗೆ. ವಿಶೇಷ ಎಂತ ಇಲ್ಲ, ಸುಮ್ಮನೆ.”

“ಸುಮ್ಮನೆಯಾ?” ಭೋಜ ಚಾಪೆಯನ್ನು ನೋಡಿದ. ಕಾನ್ಸೆಪ್ಟಾಳ ಬಾಡಿದ ಮುಖವನ್ನೂ ನೋಡಿದ. “ನನ್ನ ಹತ್ತಿರ ಹೇಳಬಹುದು ಮಾರಾಯ್ರೆ. ನಾನು ಬೇರೆಯವನಾ?”

“ಹೇಳಲಿಕ್ಕೆ ಇದ್ದರಲ್ಲವಾ ಹೇಳುವುದು!”

ಭೋಜ ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಡ್ರೈವರ್ ಕನ್ನಡಿಯಲ್ಲಿ ಗಂಡಹೆಂಡತಿಯನ್ನು ನೋಡಿ ತಲೆಯಾಡಿಸಿದ. ಉಡುಪಿಯಲ್ಲಿ ಇಳಿದಾಗ ಭೋಜ ಕಾಪು ಬಸ್ಸಿನ ಕಂಡಕ್ಟರನಿಗೆ ಇವರಿಬ್ಬರನ್ನು ಆಸ್ಪತ್ರೆಗೆ ಹೊರಟ ರೋಗಿಗಳ ಹಾಗೆ ಜೋಪಾನವಾಗಿ ಒಪ್ಪಿಸಿದ. ಆ ಬಸ್ಸಿನಲ್ಲಿ ಅವರಿಗೆ ಜನ ಎದ್ದು ಜಾಗ ಕೊಟ್ಟರು. ದ್ವೀಪದ ಸುಖ ಇಲ್ಲಿಂದಲೇ ಶುರುವಾಯಿತು ಎಂದುಕೊಂಡ ಲಿಯೋನೆಲ್.

ಕಾಪುವಿನ ಲೈಟ್‌ಹೌಸಿನ ಈಚೆಗೆ ಒಳ್ಳೆಯ ಜಾಗ ನೋಡಿ ಚಾಪೆ ಬಿಡಿಸಿದ. ಇಬ್ಬರ ಚಪ್ಪಲಿಗಳನ್ನೂ ಸಾಲಾಗಿ ಇಟ್ಟು, ಕಾಲು ಚಾಚಿ ಮಲಗಿ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಮೇಲೆ ನೆರಳು ಬಿತ್ತು.

ಪಕ್ಕದಲ್ಲೇ ಮೀನು ಒಣಗಿಸುತ್ತಿದ್ದ ಬೇಬಿ ಎಂಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಇಲ್ಲಿ ಎಂತ ಮಾಡುವುದು?”

“ಮಲಗಿದ್ದು.”

“ಯಾಕೆ, ಮನೆ ಇಲ್ಲವಾ?”

“ಮನೆ ಉಂಟಮ್ಮ. ಸುಮ್ಮನೆ ಬಂದದ್ದು.”

ಬೇಬಿಯ ದೃಷ್ಟಿ ಚಪ್ಪಲಿಗಳ ಮೇಲೆ ಬಿತ್ತು. ನಾಲ್ಕೂ ಕಡಲಿಗೆ ಮುಖ ಮಾಡಿಕೊಂಡಿದ್ದವು. ಅವಳು ಅವನ್ನೆತ್ತಿ ತನ್ನ ಬುಟ್ಟಿಗೆ ಹಾಕಿಕೊಂಡಳು. ಆಮೇಲೆ ಅವರಿಗೂ ನೀರಿಗೂ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಬಲೆ ಎಳೆಯುವವರನ್ನು ಕೂಗಿದಳು. “ಓಡಿ ಬನ್ನಿ! ಸುಮ್ಮನೆ ಬಂದದ್ದಂತೆ!”

ಬಲೆ ಅಲ್ಲೇ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಚಾಪೆಯ ಸುತ್ತ ಗೋಡೆ ಕಟ್ಟಿದ ಹಾಗೆ ಜನ ನಿಂತರು.

“ಮನುಷ್ಯ ಅಂದ ಮೇಲೆ ಕಷ್ಟ ಬರ್ತದೆ,” ಎಂದ ಒಬ್ಬ ಮುದುಕ. “ಅದಕ್ಕೆ ಕಡಲು ಪರಿಹಾರ ಅಲ್ಲ.”

“ನನಗೆ ಕಷ್ಟವೇ ಇಲ್ಲ!”

“ಎಲ್ಲರೂ ಮೊದಲು ಹಾಗೆಯೇ ಹೇಳುವುದು.”

“ಬಾರ್ಬಡೋಸಿನಲ್ಲಿ ಜನ ಹೀಗೆಯೇ ಮಲಗುವುದು ಮಾರಾಯ್ರೆ!” ಲಿಯೋನೆಲ್ ಕಿರುಚಿದ.

“ಎಂತ ದೋಸೆ?” ಹಿಂದಿನಿಂದ ಒಬ್ಬ ಕೇಳಿದ. “ಹಸಿವಾಗಿರಬೇಕು ಪಾಪ,” ಎಂದ ಇನ್ನೊಬ್ಬ. ಯಾರೋ ಹೋಟೆಲಿಗೆ ಓಡಿದರು.

ದೋಸೆಗಿಂತ ಮೊದಲು ಬಂದದ್ದು ಟ್ಯಾಕ್ಸಿ. ಅದರಿಂದ ಇಳಿದವನು ಹಿರಿಯಡ್ಕದಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಬೆಂಜಮಿನ್, ಕಾನ್ಸೆಪ್ಟಾಳ ಅಣ್ಣ. ಅವನ ಮೈಗೆಲ್ಲ ಮೈದಾ ಹಿಟ್ಟು ಮೆತ್ತಿತ್ತು, ಕಣ್ಣಲ್ಲಿ ನೀರಿತ್ತು.

“ಭಾವ! ನಾನು ಸತ್ತಿದ್ದೆನಾ? ನನಗೊಂದು ಮಾತು ಹೇಳಬಾರದಿತ್ತಾ? ಮೇಬಲ್ ಬಾಯಿ ಫೋನು ಮಾಡದಿದ್ದರೆ ನನ್ನ ತಂಗಿಯ ಗತಿ ಎಂತ?”

ತಂಗಿ ಅಣ್ಣನ ಎದೆಗೆ ಒರಗಿ ಬಿಕ್ಕಿದಳು. ಜನರಲ್ಲೂ ಕೆಲವರು ಮೂಗು ಒರೆಸಿಕೊಂಡರು. ಪೊಲೀಸರಿಗೆ ಹೇಳುವುದೋ ಪಾದ್ರಿಗಳಿಗೆ ಹೇಳುವುದೋ ಎಂದು ಚರ್ಚೆ ಶುರುವಾಯಿತು. ತನ್ನ ಒಂದು ದಿನ ಕೈಯಿಂದ ಜಾರಿ ಹೋಗುತ್ತಿರುವುದು ಲಿಯೋನೆಲನಿಗೆ ಕಂಡಿತು. ಅವನಿಗೆ ನಿಜಕ್ಕೂ ಅಳು ಬಂತು. ಆ ಅಳುವಿನಲ್ಲೇ ಬಾಯಿಗೆ ಸಿಕ್ಕಿದ ಒಂದು ಮಾತನ್ನು ಹೊರಗೆ ಎಸೆದ.

“ಹರಕೆ! ಹರಕೆ ಮಾರಾಯ್ರೆ! ಒಂದು ದಿನ ಪೂರ್ತಿ ಕಡಲಿನ ಎದುರು ಎಂತ ಕೆಲಸವನ್ನೂ ಮಾಡದೆ ಇರ್ತೇವೆ ಅಂತ ಹರಕೆ!”

ಗದ್ದಲ ನಿಂತಿತು. ಎಲ್ಲರ ಮುಖವೂ ತಿಳಿಯಾಯಿತು.

“ಅದನ್ನು ಮೊದಲೇ ಹೇಳಬಾರದಾ?” ಎಂದಳು ಬೇಬಿ. ಚಪ್ಪಲಿಗಳನ್ನು ಬುಟ್ಟಿಯಿಂದ ತೆಗೆದು, ಸೆರಗಿನಿಂದ ಒರೆಸಿ ಇಟ್ಟಳು. “ನಡೀರಿ ನಡೀರಿ, ಹರಕೆಯವರಿಗೆ ತೊಂದರೆ ಕೊಡಬೇಡಿ!”

ಬಲೆಯವರು ತೆಂಗಿನ ಗರಿ ತಂದು ಚಪ್ಪರ ಕಟ್ಟಿದರು. ಮುದುಕ ಎರಡು ಬೊಂಡ ಕೆತ್ತಿ, ಪಪ್ಪಾಯಿ ದಂಟಿನ ಕೊಳವೆ ಚುಚ್ಚಿ ಕೊಟ್ಟ. ಬೆಂಜಮಿನ್ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡು ಟ್ಯಾಕ್ಸಿ ಹತ್ತಿದ. ಕಡಲದಂಡೆ ಖಾಲಿಯಾಯಿತು. ಲಿಯೋನೆಲ್ ಕಾಲು ಚಾಚಿದ. ಫೋಟೋದಲ್ಲಿ ಇದ್ದದ್ದೆಲ್ಲ ಇಲ್ಲಿತ್ತು, ಜೊತೆಗೆ ಒಣಮೀನಿನ ವಾಸನೆಯೂ ಇತ್ತು. ಬೊಂಡದ ನೀರು ಅರ್ಧ ಆಗುವವರೆಗೆ ಅವನು ಬಾರ್ಬಡೋಸಿನಲ್ಲೇ ಇದ್ದ.

“ಎಂತ ಹರಕೆ ಅದು?” ಕಾನ್ಸೆಪ್ಟಾ ನೆಟ್ಟಗೆ ಕೂತಿದ್ದಳು. “ಡಾಕ್ಟರು ಎಂತ ಹೇಳಿದ್ದು? ನನ್ನಿಂದ ಎಂತ ಮುಚ್ಚಿಡ್ತಾ ಇದ್ದೀರಿ?”

“ಎಂತ ಇಲ್ಲ ಮಾರಾಯ್ತಿ. ಜನ ತೊಲಗಲಿ ಅಂತ ಸುಳ್ಳು ಹೇಳಿದ್ದು. ನಿನ್ನ ಜೊತೆ ಒಂದು ದಿನ ಸುಮ್ಮನೆ ಇರಬೇಕು ಅಂತ ಆಸೆ. ಅಷ್ಟೇ.”

ಅವಳು ಕೈಯ ಬೊಂಡವನ್ನು ಕೆಳಗಿಟ್ಟಳು. “ಮದುವೆಯಾದ ಮೇಲೆ ಒಂದು ದಿನವೂ ಸುಮ್ಮನೆ ಎಲ್ಲಿಗೂ ಕರೆದುಕೊಂಡು ಹೋದವರಲ್ಲ. ನಾನು ಹೇಗೆ ನಂಬಲಿ? ಅಣ್ಣನಿಗೆ ಫೋನು ಮಾಡಿ ಅಂತ ಮೇಬಲ್ ಬಾಯಿಗೆ ಹೇಳಿ ಬಂದದ್ದು ನಾನೇ.”

ಲಿಯೋನೆಲನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಅವಳ ಕೈ ಹಿಡಿಯೋಣ ಎಂದು ಕೈ ಚಾಚಿದ. ಅವಳು ಎದ್ದು ನಿಂತಳು.

“ಅದು ಇರಲಿ. ಹರಕೆಯ ಹೆಸರಿನಲ್ಲಿ ಸುಳ್ಳಾ? ಬಾಯಿಯಿಂದ ಹೊರಗೆ ಬಂತಲ್ಲ, ಇನ್ನು ತೀರಿಸಲೇಬೇಕು. ಏಳಿ, ಹರಕೆಗೆ ಯಾರಾದರೂ ನೆರಳಲ್ಲಿ ಮಲಗುವುದುಂಟಾ? ಪ್ರತಿ ವರ್ಷ ಬರ್ತೇವೆ ಅಂತ ಈಗಷ್ಟೇ ನಾನೂ ಹರಕೆ ಹೇಳಿಕೊಂಡಿದ್ದೇನೆ.”

ಹೊತ್ತು ಮುಳುಗುವವರೆಗೆ ಲಿಯೋನೆಲ್ ಬಿಸಿಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಮೆಷಿನಿಗೆ ಬಗ್ಗಿದ ಬೆನ್ನಿಗೆ ಅದು ಇನ್ನೂ ಕಷ್ಟವಾಯಿತು.

ಕಾರ್ಕಳಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಮತ್ತೆ ಭೋಜನೇ ಇದ್ದ. ಸುದ್ದಿ ಲಿಯೋನೆಲನಿಗಿಂತ ಮೊದಲೇ ಬಸ್ಸು ಹತ್ತಿತ್ತು.

“ಹರಕೆಯಂತೆ! ಮುಂದಿನ ವರ್ಷ ನಾನೂ ಮನೆಯವಳೂ ಬರ್ತೇವೆ. ಡ್ರೈವರೂ ಹೆಂಡತಿಯನ್ನು ಕರೆತರ್ತಾನಂತೆ. ಮೇಬಲ್ ಬಾಯಿಯ ಯಜಮಾನರೂ ಹೇಳಿ ಕಳಿಸಿದ್ದಾರೆ. ಒಂದು ಸ್ಪೆಷಲ್ ಬಸ್ಸೇ ಮಾಡುವ. ನೀವೇ ಮುಂದೆ ನಿಂತು ಎಲ್ಲ ನೋಡಿಕೊಳ್ಳಬೇಕು.”

ಬಿಸಿಲಿಗೆ ಕೆಂಪಾದ ಮುಖ ಎತ್ತಿ ಲಿಯೋನೆಲ್ ಕೇಳಿದ. “ನಿಮಗೆಲ್ಲ ಎಂತಕ್ಕೆ ಹರಕೆ?”

ಭೋಜ ಅತ್ತಿತ್ತ ನೋಡಿ, ಬಗ್ಗಿ, ದನಿ ತಗ್ಗಿಸಿದ.

“ಹರಕೆ ಎಂತ ಇಲ್ಲ ಮಾರಾಯ್ರೆ. ಒಂದು ದಿನ ಹೆಂಡತಿಯ ಜೊತೆ ಕಡಲಿನ ಹತ್ತಿರ ಸುಮ್ಮನೆ ಕೂತುಕೊಳ್ಳುವ ಅಂತ ತುಂಬ ವರ್ಷದ ಆಸೆ. ಆದರೆ ಸುಮ್ಮನೆ ಅಂದರೆ ಯಾರು ನಂಬ್ತಾರೆ?”

ಅಷ್ಟು ಹೇಳಿ ಅವನು ಹಿಂದಿನ ಸೀಟಿನ ಕಡೆ ಹೋದ. “ಓಹೋ, ಈ ಹೊತ್ತಿನಲ್ಲಿ ಎಲ್ಲಿಗೆ? ಎಂತ ವಿಶೇಷ?”