ಅಯೋಧ್ಯೆಯಿಂದ ಬಂದ ಸಂಬಂಧ

ಕುಮುದಿನಿ: ಒಂದು ಹುಡುಗೀನ ಆ ಊರಿಗೆ ಕೊಟ್ಟು ಅನುಭವಿಸಿದ್ದು ಸಾಲದಾ? ಇನ್ನೊಂದನ್ನೂ ಕರ್ಕೊಂಡು ಹೋಗಿ ಅದೇ ಬಾವಿಗೆ ತಳ್ಳಬೇಕಾ?

ದಿಗಂಬರ: ಯಾವ ಹುಡುಗೀನೇ? ನಮ್ಮ ಮನೆಯಿಂದ ಅಯೋಧ್ಯೆಗೆ ಯಾರು ಹೋಗಿದಾರೆ? ನಮ್ಮಕ್ಕನ ಮಗಳನ್ನ ಕೊಟ್ಟಿರೋದು ಭಾಗಲ್ಪುರಕ್ಕೆ.

ಕುಮುದಿನಿ: ನಿಮ್ಮಕ್ಕನ ಮಗಳ ಸುದ್ದಿ ಯಾರಿಗೆ ಬೇಕಾಗಿದೆ? ನಾನು ಸೀತೆ ವಿಷಯ ಮಾತಾಡ್ತಿರೋದು.

ದಿಗಂಬರ: ಯಾವ ಸೀತೆ?

ಕುಮುದಿನಿ: ಯಾವ ಸೀತೆ ಅಂತೆ! ಜನಕನ ಮಗಳು ಕಣ್ರೀ. ನಮ್ಮ ಮಿಥಿಲೆ ಹುಡುಗಿ.

ದಿಗಂಬರ ಲಾಲ್ ಕರ್ಣರು ಅಡಿಗೆಮನೆಯಲ್ಲಿ ನಿಂತು ಹಣೆ ಹಣೆ ಚಚ್ಚಿಕೊಂಡರು. ಮಿಥಿಲೆ ಸೀಮೆಯ ದರಭಂಗಾದ ಕಾಲೇಜಿನಲ್ಲಿ ಜೀವಮಾನವಿಡೀ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮನುಷ್ಯ. ಶಾಸನ ಎಲ್ಲಿ, ನಾಣ್ಯ ಎಲ್ಲಿ, ಮಡಕೆ ಚೂರು ಎಲ್ಲಿ ಎಂದು ಕೇಳದೆ ಯಾವ ರಾಜನನ್ನೂ ತರಗತಿಯ ಒಳಕ್ಕೆ ಬಿಟ್ಟುಕೊಂಡವರಲ್ಲ. ಅಂಥವರ ಸ್ವಂತ ಮಗಳ ಮದುವೆ ತ್ರೇತಾಯುಗದ ಒಂದು ಮನಸ್ತಾಪಕ್ಕೆ ನಿಂತುಹೋಗುವುದೆಂದರೆ! ಗಂಡಿನ ತಂದೆ ಅವಧೇಶ ಶ್ರೀವಾಸ್ತವರು ಬೆಳಗ್ಗೆಯಷ್ಟೇ ಅಯೋಧ್ಯೆಯಿಂದ ಬಂದಿಳಿದು, ಮುಂದಿನ ಕೋಣೆಯಲ್ಲಿ ತಾವರೆಬೀಜ ಹುರಿದು ಮಾಡಿದ ಮಖಾನ ಮೆಲ್ಲುತ್ತ ಕೂತಿದ್ದರು. ಸಂಜೆಯ ಗಾಡಿಗೆ ಹೊರಡುವವರು. ಅಷ್ಟರೊಳಗೆ ಮಾತು ಮುಗಿಯಬೇಕು. ಮಗಳು ಮೃಣಾಲಳಿಗೆ ಹಿಂದೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ಮುರಿದಿದ್ದವು. ಇದೊಂದು ಕೈಗೆ ಹತ್ತಿತ್ತು. ಹುಡುಗ ಪಟ್ನಾದಲ್ಲಿ ಸೇತುವೆ ಕಟ್ಟಿಸುವ ಎಂಜಿನಿಯರು. ಮೃಣಾಲಳೂ ಅವನನ್ನು ನೋಡಿ, ಮಾತಾಡಿ, "ಪರವಾಗಿಲ್ಲ ಅಪ್ಪ, ಒಳ್ಳೆಯವನ ಹಾಗೆ ಕಾಣ್ತಾನೆ" ಎಂದಿದ್ದಳು. ಅವಳ ಬಾಯಿಂದ ಅಷ್ಟು ಬರುವುದೇ ಅಪರೂಪ.

ದಿಗಂಬರ: ಮೆಲ್ಲಗೆ ಮಾತಾಡೇ. ಪರದೆ ಆಚೆ ಬೀಗರು ಕೂತಿದಾರೆ.

ಕುಮುದಿನಿ: ಈಗ್ಲೇ ಬೀಗರು ಬೇರೆ! ನನ್ನ ಹತ್ರ ಏನು ಹೇಳಿದ್ರಿ? ಹುಡುಗ ಪಟ್ನಾದವನು ಅಂದ್ರಿ.

ದಿಗಂಬರ: ಪಟ್ನಾದಲ್ಲಿದಾನೆ ಅಂದೆ. ಇದಾನಲ್ಲ, ಸುಳ್ಳಾ?

ಕುಮುದಿನಿ: ಊರು ಅಯೋಧ್ಯೆ ಅನ್ನೋದನ್ನ ನುಂಗಿಕೊಂಡ್ರಿ. ಆಯಪ್ಪ ಮುಹೂರ್ತ ಹೇಳಿದಾಗ ತಾನೆ ಬಣ್ಣ ಬಯಲಾಗಿದ್ದು? ವಿವಾಹ ಪಂಚಮಿಯಂತೆ, ವಿವಾಹ ಪಂಚಮಿ! ಆ ದಿನ ಮಿಥಿಲೆಯಲ್ಲಿ ಯಾರಾದ್ರೂ ಮಗಳನ್ನ ಧಾರೆ ಎರೆದು ಕೊಡ್ತಾರಾ?

ದಿಗಂಬರ: ರಾಮ ಸೀತೆ ಮದುವೆಯಾದ ದಿನ ಅಂತ ಅವರ ಕಡೆ ಅದು ಶುಭ ಕಣೆ.

ಕುಮುದಿನಿ: ಅವರಿಗೆ ಶುಭವೇ. ಹುಡುಗಿ ನಮ್ಮದು ತಾನೇ ಹೋಗಿದ್ದು? ಅವತ್ತು ತಾಳಿ ಕಟ್ಟಿಸಿಕೊಂಡು ಹೋದೋಳು ಒಂದು ದಿನ ಸುಖ ಕಂಡ್ಳಾ?

ದಿಗಂಬರ: ಅದು ಕಾವ್ಯ! ಕವಿ ಕೂತು ಕಟ್ಟಿದ್ದು. ನಡೀತು ಅನ್ನೋದಕ್ಕೆ ಆಧಾರ ಏನು?

ಕುಮುದಿನಿ: ನಮ್ಮಜ್ಜಿ ಹೇಳಿದಾಳೆ.

ದಿಗಂಬರ: ನಿಮ್ಮಜ್ಜಿಗೆ ಯಾರು ಹೇಳಿದ್ರು?

ಕುಮುದಿನಿ: ಅವಳ ಅಜ್ಜಿ.

ದಿಗಂಬರ: ಹೀಗೇ ಹಿಂದಕ್ಕೆ ಹೋಗ್ತಾ ಹೋದ್ರೆ, ಕೊನೇ ಅಜ್ಜಿ ಜನಕನ ಅಡಿಗೆಮನೇಲಿ ಈರುಳ್ಳಿ ಹೆಚ್ಚುತ್ತಾ ಕೂತು ಎಲ್ಲಾ ಕಣ್ಣಾರೆ ನೋಡ್ತಿದ್ಲು ಅಂತೀಯ!

ಕುಮುದಿನಿ: ಈರುಳ್ಳಿ ಯಾಕೆ ಹೆಚ್ಚುತ್ತಾಳೆ? ಜನಕನ ಮನೇಲಿ ಈರುಳ್ಳಿ ತರ್ತಾನೇ ಇರ್ಲಿಲ್ಲ.

ಹೆಂಡತಿ ಪಕ್ಕದ ಮನೆಯವರ ಸಂಸಾರ ಆಡಿಕೊಳ್ಳುವ ಧಾಟಿಯಲ್ಲೇ ಜನಕನ ಸಂಸಾರವನ್ನೂ ಆಡುತ್ತಿದ್ದಾಳೆ. ದಿಗಂಬರರು ತುಟಿ ಕಚ್ಚಿಕೊಂಡು ಇನ್ನೊಂದು ಬಾಗಿಲಿನಿಂದ ನುಗ್ಗಿದರು.

ದಿಗಂಬರ: ಹೋಗಲಿ, ಅವಳು ಹುಟ್ಟಿದ್ದು ಎಲ್ಲಿ? ಸೀತಾಮಢಿಯಲ್ಲಿ ಒಂದು ಹೊಂಡ ತೋರಿಸಿ ಇಲ್ಲಿ ಅಂತಾರೆ. ಪುನೌರಾದವರು ಇನ್ನೊಂದು ಹೊಂಡ ತೋರಿಸಿ ಇಲ್ಲಿ ಅಂತಾರೆ. ಒಂದು ಹುಡುಗಿ ಎರಡು ಹೊಂಡದಲ್ಲಿ ಹೆಂಗೆ ಹುಟ್ಟುತ್ತೆ?

ಕುಮುದಿನಿ: ನಿಮ್ಮ ಹುಟ್ಟಿದ ದಿನ ಸ್ಕೂಲಲ್ಲಿ ಬರೆಸಿದ್ದು ಒಂದು, ಜಾತಕದಲ್ಲಿರೋದು ಇನ್ನೊಂದು. ಹಾಗಂತ ನೀವು ಹುಟ್ಟಲೇ ಇಲ್ವಾ? ನೀವೂ ಕಟ್ಟುಕಥೆನಾ?

ದಿಗಂಬರ: ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀಯೇ!

ಕುಮುದಿನಿ: ದೀಪಾವಳಿ ಕಳೆದ ಮೇಲೆ ಮಸಿಕುಡಿಕೆ, ಲೇಖನಿ ಇಟ್ಟು ಮಡಿ ಉಟ್ಟು ಪೂಜೆ ಮಾಡ್ತೀರಲ್ಲ, ಯಾರಿಗೆ?

ದಿಗಂಬರ: ಚಿತ್ರಗುಪ್ತನಿಗೆ. ನಮ್ಮ ಕಾಯಸ್ಥರ ಮೂಲಪುರುಷ. ಎಲ್ಲರಿಗೂ ಗೊತ್ತಿರೋದು.

ಕುಮುದಿನಿ: ಯಮನ ಆಫೀಸಿನ ಗುಮಾಸ್ತ. ಅವನ ನಾಣ್ಯ ಸಿಕ್ಕಿದೆಯಾ? ಮಡಕೆ ಚೂರು?

ದಿಗಂಬರ: ಅದು... ಅದು ಮನೆತನದ ಸಂಪ್ರದಾಯ.

ಕುಮುದಿನಿ: ಆಹಾ! ನಿಮ್ಮ ಗುಮಾಸ್ತ ಸಂಪ್ರದಾಯ, ನಮ್ಮ ಸೀತೆ ಕಟ್ಟುಕಥೆ. ಮನೆತನದ ಹೆಸರು ಬೇರೆ ಕರ್ಣ ಅಂತ ಇಟ್ಕೊಂಡಿದೀರಿ.

ದಿಗಂಬರ: ನಾನು ಆ ಕರ್ಣನ ವಂಶದೋನು ಅಂತ ಯಾವತ್ತೂ ಹೇಳ್ಕೊಂಡಿಲ್ಲ.

ಕುಮುದಿನಿ: ಹೇಳ್ಕೊಂಡ್ರೂ ಯಾರು ನಂಬ್ತಾರೆ? ಅವನು ಕೇಳಿದ್ದು ಕೊಡ್ತಿದ್ದ.

ಒಲೆಯ ಮುಂದೆ ಬೆನ್ನು ಹಾಕಿ ಮೀನು ಕರಿಯುತ್ತಿದ್ದ ಮೃಣಾಲಳ ಭುಜ ಕುಲುಕಿತು. ಮಗಳು ನಗುತ್ತಿದ್ದಾಳೆಂದು ತಿಳಿದು ದಿಗಂಬರರ ಪಿತ್ತ ಇನ್ನಷ್ಟು ಕೆರಳಿತು.

ದಿಗಂಬರ: ಇಷ್ಟೆಲ್ಲ ಮಾತಾಡೋಳು ದಿನಾ ರಾಮನ ಪಟಕ್ಕೆ ಆರತಿ ಯಾಕೆ ಎತ್ತುತ್ತೀಯ?

ಕುಮುದಿನಿ: ಎತ್ತುತ್ತೀನಿ. ಲೋಕಕ್ಕೆಲ್ಲ ದೇವರು, ನಮಗೆ ಅಳಿಯ. ಆರತೀನೂ ಎತ್ತುತ್ತೀವಿ, ಬೈಯೋದೂ ಬೈಯ್ತೀವಿ. ಅಳಿಯನ್ನ ಅತ್ತೆ ಮನೆಯೋರು ಬೈಯದೆ ಇನ್ಯಾರು ಬೈಬೇಕು?

ದಿಗಂಬರರಿಗೆ ರೇಗಿಹೋಯಿತು. ರೇಗಿದರೆ ಅವರ ದನಿ ತಾನಾಗಿ ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಷ್ಟು ಏರುತ್ತದೆ. ಹೆಂಡತಿಯ ದನಿ ಅದಕ್ಕಿಂತ ಒಂದು ಬೆಂಚು ಮುಂದೆ ಹೋಗುತ್ತದೆ.

ದಿಗಂಬರ: ಸರಿ, ನಡೆದೇ ಇತ್ತು ಅಂತಾನೇ ಇಟ್ಕೋ! ಆ ಮನೆಯೋರು ಅಂಥಾ ಅನ್ಯಾಯ ಏನು ಮಾಡಿಬಿಟ್ರು?

ಕುಮುದಿನಿ: ಏನು ಮಾಡಿದ್ರಾ? ತುಂಬು ಬಸುರಿ ಸೊಸೇನ ಮನೆಯಿಂದ ಆಚೆ ಹಾಕಿದ್ರು!

ದಿಗಂಬರ: ಕಂಡೋರು ಯಾರು? ಸಾಕ್ಷಿ ಎಲ್ಲಿ?

ಕುಮುದಿನಿ: ಇಡೀ ಊರಿಗೇ ಗೊತ್ತು, ಸಾಕ್ಷಿ ಬೇಕಂತೆ ಇವರಿಗೆ!

ಮುಂದಿನ ಕೋಣೆಯಲ್ಲಿ ಮಖಾನದ ಬಟ್ಟಲು ಠಣ್ಣೆಂದು ಬಿತ್ತು. ಪರದೆ ಸರಿಯಿತು. ಶ್ರೀವಾಸ್ತವರು ಬಾಗಿಲಲ್ಲಿ ನಿಂತಿದ್ದರು. ಬೆಳಗ್ಗೆ ಜಂಬದಿಂದ ಉಬ್ಬಿಕೊಂಡಿದ್ದ ಮುಖ ಈಗ ಬಾಡಿತ್ತು, ಹಣೆಯಲ್ಲಿ ಬೆವರು. ಕುಮುದಿನಿ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಶ್ರೀವಾಸ್ತವ: ಯಾರು ಹೇಳಿದ್ರು ನಿಮಗೆ?

ಕುಮುದಿನಿ: ಯಾರು ಹೇಳ್ಬೇಕು ಅಣ್ಣಾವ್ರೇ? ನಮ್ಮ ಕಡೆ ಹಸುಗೂಸಿಗೂ ಗೊತ್ತು.

ಶ್ರೀವಾಸ್ತವ: ದರಭಂಗಾವರೆಗೂ ಬಂದುಬಿಡ್ತಾ ಸುದ್ದಿ!

ಕುಮುದಿನಿ: ಬರದೆ ಇರತ್ತಾ? ಇಲ್ಲಿ ಹೆಂಗಸರು ಹಾಡು ಕಟ್ಟಿ ಹಾಡ್ತಾರೆ.

ಶ್ರೀವಾಸ್ತವ: ಹಾಡು ಬೇರೆ ಕಟ್ಟಿದಾರಾ!

ದಿಗಂಬರ: ಸ್ವಾಮಿ, ನೀವು ತಪ್ಪು ತಿಳ್ಕೊಂಡ್ರಿ. ಇವಳು ಹೇಳ್ತಿರೋದು...

ಶ್ರೀವಾಸ್ತವ: ಬೇಡ ಬೀಗರೇ, ನನ್ನ ಪರವಾಗಿ ಮಾತಾಡಬೇಡಿ. ಮುಚ್ಚಿಟ್ಟಿದ್ದು ನನ್ನ ತಪ್ಪೇ. ಆದ್ರೆ ತಾಯಿಯೋರು ಹೇಳೋ ಹಾಗೆ ಆಚೆ ಹಾಕಿಲ್ಲ. ಸ್ವಲ್ಪ ದಿನ ಇದ್ದು ಬರ್ಲಿ ಅಂತ ಕಳಿಸಿದ್ವಿ ಅಷ್ಟೆ.

ಕುಮುದಿನಿ: ಸ್ವಲ್ಪ ದಿನ! ಮತ್ತೆ ಕರೆಸಿಕೊಂಡ್ರಾ?

ಶ್ರೀವಾಸ್ತವ: ಕಾಲ ಕೂಡಿ ಬರ್ಲಿಲ್ಲ.

ಕುಮುದಿನಿ: ಬೀದೀಲಿ ಯಾವನೋ ಏನೋ ಒದರಿದ ಅಂತ...

ಶ್ರೀವಾಸ್ತವ: ಯಾವನೋ ಅಲ್ಲಮ್ಮ, ನಮ್ಮ ಹಾಲಿನವನು.

ಕುಮುದಿನಿಯ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ದಿಗಂಬರರು ಅಗಸ ಎಂದು ಕೇಳಿದ್ದರು. ಹಾಲಿನವನು ಯಾವ ಪಾಠಾಂತರದಲ್ಲೂ ಇರಲಿಲ್ಲ.

ದಿಗಂಬರ: ಸ್ವಾಮಿ... ತಾವು ಯಾರ ವಿಷಯ ಹೇಳ್ತಿದೀರಿ?

ಶ್ರೀವಾಸ್ತವ: ನಮ್ಮ ಹಿರೀ ಸೊಸೆ ವಿಷಯ. ಮತ್ತೆ ನೀವು?

ದಿಗಂಬರರು ಬಾಯಿ ತೆರೆಯುವಷ್ಟರಲ್ಲಿ ಕುಮುದಿನಿ ಅವರ ಕಾಲು ತುಳಿದಳು.

ಕುಮುದಿನಿ: ನಾವೂ ನಿಮ್ಮೂರಿನ ಹಿರೀ ಸೊಸೆ ವಿಷಯವೇ ಹೇಳ್ತಿದ್ದದ್ದು. ಮುಂದೆ ಹೇಳಿ. ಪರೀಕ್ಷೆ ಬೇರೆ ಮಾಡಿದ್ರೋ?

ಶ್ರೀವಾಸ್ತವ: ಅಯ್ಯೋ ರಾಮಾ, ಅದೂ ಗೊತ್ತಾ! ಅದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ. ಮಕ್ಕಳು ಹುಟ್ಟಿದ ಮೇಲೆ ಲ್ಯಾಬಿಗೆ ಕಳಿಸಿದ್ವಿ. ರಿಪೋರ್ಟು ಸರಿಯಾಗೇ ಬಂತು. ನಮ್ಮ ಸೊಸೆ ಚಿನ್ನದಂಥೋಳು. ನಮಗೆ ಯಾರಿಗೂ ಒಂದು ಚೂರು ಅನುಮಾನ ಇಲ್ಲ.

ಕುಮುದಿನಿ: ಅನುಮಾನ ಇಲ್ಲದೇ ಇದ್ರೆ ಮನೆಗೆ ಕರ್ಕೊಂಡು ಬರೋದಕ್ಕೇನು ಕಷ್ಟ?

ಶ್ರೀವಾಸ್ತವ: ನಮಗಿಲ್ಲ ತಾಯಿ, ಬೀದಿಯೋರಿಗೆ ಇದೆ. ನಮ್ಮ ದೊಡ್ಡವನು ಚುನಾವಣೆಗೆ ನಿಲ್ಲೋನು. ನಾಲ್ಕು ಜನರ ಬಾಯಿ ನೋಡ್ಕೋಬೇಕಲ್ಲ.

ಕುಮುದಿನಿ: ಮಕ್ಕಳು ಅಂದ್ರಿ. ಎಷ್ಟು?

ಶ್ರೀವಾಸ್ತವ: ಅವಳಿ. ಎರಡೂ ಗಂಡು.

ಒಲೆಯ ಮೇಲೆ ಎಣ್ಣೆ ಚಟಪಟ ಅನ್ನುತ್ತಿತ್ತು. ಅವಳಿ ಗಂಡುಮಕ್ಕಳು, ಕಾವ್ಯದಲ್ಲಿದ್ದ ಹಾಗೇ! ಆದರೂ ವಿದ್ವಾಂಸನ ಜೀವ, ಅಷ್ಟು ಸುಲಭಕ್ಕೆ ಸೋಲೊಪ್ಪುತ್ತದೆಯೇ?

ದಿಗಂಬರ: ಹೆ... ಹೆಸರೇನಿಟ್ಟಿದಾರೆ?

ಶ್ರೀವಾಸ್ತವ: ಒಂದು ಪಿಂಟೂ, ಇನ್ನೊಂದು ಚಿಂಟೂ.

ದಿಗಂಬರ: ನೋಡಿದ್ಯಾ! ನೋಡಿದ್ಯಾ ಕುಮುದಿನಿ! ಹೆಸರು ಹೊಂದಲ್ಲ! ಅಗಸ ಅಲ್ಲ, ಹಾಲಿನವನು! ಒಂದು ಆಧಾರಾನೂ ತಾಳೆ ಆಗಲ್ಲ!

ಕುಮುದಿನಿ ಗಂಡನನ್ನು ನೋಡಿದ ನೋಟ ಹೇಗಿತ್ತೆಂದರೆ, ಶ್ರೀವಾಸ್ತವರೇ ನಾಚಿ ತಲೆ ತಗ್ಗಿಸಿದರು.

ಕುಮುದಿನಿ: ಅಲ್ಲೆಲ್ಲೋ ಒಂದು ಹೆಣ್ಣು ಎರಡು ಕೂಸು ಕಟ್ಕೊಂಡು ಅಳ್ತಾ ಕೂತಿದೆ. ಇವರಿಗೆ ಹೆಸರು ಹೊಂದಲಿಲ್ಲ ಅಂತ ಕುಣಿದಾಟ!

ದಿಗಂಬರರಿಗೆ ನಾಚಿಕೆಯೇನೋ ಆಯಿತು. ಆದರೆ ಕೈಗೆ ಬಂದ ಸಂಬಂಧ ಬಿಡಲು ಮನಸ್ಸು ಬರಲಿಲ್ಲ. ಮತ್ತೆ ಯಾವ ಗಂಡು, ಮತ್ತೆ ಯಾವ ಊರು, ಮತ್ತೆ ಎಷ್ಟು ಮನೆಯ ಮುಂದಿನ ಕೋಣೆಯಲ್ಲಿ ಕೈಕಟ್ಟಿ ಕೂರುವುದು? ಅವರು ಗಂಟಲು ಸರಿಮಾಡಿಕೊಂಡರು.

ದಿಗಂಬರ: ತಪ್ಪು, ಒಪ್ತೀನಿ. ದೊಡ್ಡ ತಪ್ಪು. ಆದ್ರೆ ಮಾಡಿದ್ದು ಯಾರು? ದೊಡ್ಡ ಮಗ. ನಾವು ಕೊಡ್ತಿರೋದು ಚಿಕ್ಕವನಿಗೆ. ಅಣ್ಣ ಮಾಡಿದ್ದಕ್ಕೆ ತಮ್ಮನ್ನ ಗಲ್ಲಿಗೇರಿಸೋದು ಯಾವ ನ್ಯಾಯ?

ಶ್ರೀವಾಸ್ತವ: ಅದೇ ನಾನೂ ಹೇಳೋದು ಬೀಗರೇ! ಚಿಕ್ಕವನು ಅಪ್ಪಟ ಬಂಗಾರ.

ಮಗಳಿಗೆ ಹುಡುಗ ಹಿಡಿಸಿದ್ದಾನೆಂಬುದು ಕುಮುದಿನಿಗೂ ಗೊತ್ತು. ಅವಳು ಮಗಳ ಕಡೆ ತಿರುಗಿದಳು. ಮೃಣಾಲ್ ಒಲೆ ಆರಿಸಿ, ಕೈ ಒರೆಸಿಕೊಂಡು, ಕರಿದ ಮೀನಿನ ತಟ್ಟೆ ಹಿಡಿದು ಬಂದು ಶ್ರೀವಾಸ್ತವರ ಎದುರು ನಿಂತಳು.

ಮೃಣಾಲ್: ಒಂದು ಮಾತು ಕೇಳ್ಲಾ? ನಿಮ್ಮ ಸೊಸೇನ ತವರಿಗೆ ಯಾರು ಬಿಟ್ಟುಬಂದ್ರು?

ಶ್ರೀವಾಸ್ತವರ ಮುಖ ಅರಳಿತು. ಕೊನೆಗೂ ಹೆಮ್ಮೆಯಿಂದ ಹೇಳಬಹುದಾದ ಒಂದು ವಿಷಯ ಸಿಕ್ಕಿತಲ್ಲ.

ಶ್ರೀವಾಸ್ತವ: ಇನ್ಯಾರು ಮಗಳೇ, ನಮ್ಮ ಚಿಕ್ಕವನೇ! ಅಣ್ಣನ ಮಾತಿಗೆ ಎದುರು ಮಾತಾಡೋ ಹುಡುಗ ಅಲ್ಲ ಅವನು. ಅತ್ತಿಗೆ ಎಲ್ಲಿ ರಂಪ ಮಾಡ್ತಾಳೋ ಅಂತ, ನದಿ ಕಡೆ ಸುತ್ತಾಡ್ಕೊಂಡು ಬರೋಣ ಬನ್ನಿ ಅಂತ ನಯವಾಗಿ ಹೇಳಿ ಕಾರಲ್ಲಿ ಕೂರಿಸ್ಕೊಂಡ. ಸೀದಾ ತವರಿನ ಬಾಗಿಲಲ್ಲಿ ಇಳಿಸಿ, ಕಣ್ಣು ಒರೆಸ್ಕೊಂಡು ವಾಪಸ್ ಬಂದ. ಎರಡು ದಿನ ಊಟ ಮಾಡ್ಲಿಲ್ಲ ಪಾಪ! ಇಂಥ ಹುಡುಗ ಈ ಕಾಲದಲ್ಲಿ ಸಿಗ್ತಾನಾ?

ಮೃಣಾಲ್: ನನ್ನ ಹತ್ರ ನಿಮ್ಮ ಮಗ, ಅತ್ತಿಗೆ ಬಾಣಂತನಕ್ಕೆ ಹೋಗಿದಾರೆ ಅಂದಿದ್ರು.

ಅಷ್ಟೇ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಶ್ರೀವಾಸ್ತವರು ಕೈ ಚಾಚಿದ್ದರು. ಅವಳು ತಟ್ಟೆ ಕೊಡದೆ ಅಡಿಗೆಯ ಕಟ್ಟೆಯ ಮೇಲೆ ಇಟ್ಟು, ಮುಚ್ಚಳ ಮುಚ್ಚಿ, ಒಳಕೋಣೆಗೆ ಹೋದಳು. ಕುಮುದಿನಿ ಅವಳ ಹಿಂದೆಯೇ ನಡೆದಳು. ದಿಗಂಬರರಿಗೆ ಆ ಕಾರು ಕಣ್ಣಿಗೆ ಕಟ್ಟಿತು. ಆ ಕಾರಿನ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತ, ಕಿಟಕಿಯಾಚೆ ನದಿ ಇನ್ನೂ ಯಾಕೆ ಬರಲಿಲ್ಲ ಎಂದು ನೋಡುತ್ತಿದ್ದ ಹೆಣ್ಣಿಗೆ ತಮ್ಮ ಮಗಳದೇ ಮುಖವಿತ್ತು.

ಶ್ರೀವಾಸ್ತವ: ಹೆಣ್ಮಕ್ಕಳು ಸ್ವಲ್ಪ ಬೇಜಾರು ಮಾಡ್ಕೊಂಡ್ರು ಅಂತ ಕಾಣತ್ತೆ. ಸರಿಹೋಗತ್ತೆ ಬಿಡಿ. ಪಂಚಮಿ ಬೇಡ ಅಂದ್ರೆ ಬೇರೆ ದಿನ ನೋಡೋಣ. ನೀವು ಓದಿದೋರು ಬೀಗರೇ, ಯಾವತ್ತಿನದೋ ಹಳೇ ಪುರಾಣ ಇಟ್ಕೊಂಡು ಕೂರೋರಲ್ಲ.

ದಿಗಂಬರರು ಮುಂದಿನ ಕೋಣೆಗೆ ಹೋಗಿ, ಮೂಲೆಯಲ್ಲಿದ್ದ ಶ್ರೀವಾಸ್ತವರ ಚೀಲ ತಂದು ಅವರ ಕೈಗೆ ಕೊಟ್ಟರು.

ದಿಗಂಬರ: ಪುರಾಣ ಆಗಿದ್ದಿದ್ರೆ ಹುಡುಗೀನ ಕೊಡ್ತಿದ್ದೆ ಸ್ವಾಮಿ.