ಅರಿಶಿನ ದಾರ ಬೆಳ್ಳಗಾದದ್ದು

ನ್ಯಾಮತಿಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತಾ ಕೂತ ಇಷ್ಟು ವರ್ಷದಲ್ಲಿ, ಬಣ್ಣದ ಬಗ್ಗೆ ನನಗೆ ಬುದ್ಧಿ ಹೇಳದೆ ಎದ್ದು ಹೋದ ಗಿರಾಕಿ ಒಬ್ಬರೂ ಇಲ್ಲ. ನನಗಿರೋದು ಒಂದೇ ಹಟ. ಕ್ಯಾಮೆರಾ ತಪ್ಪು ಬಣ್ಣ ಹಿಡಿದಿದ್ರೆ ತಿದ್ತೀನಿ, ದೇವರು ಕೊಟ್ಟ ಬಣ್ಣ ತಿದ್ದಲ್ಲ. ಇಷ್ಟಕ್ಕೇ ಊರವರು ನನಗೆ ಸಿಡುಕಿ ಅಂತ ಹೆಸರಿಟ್ಟಿದ್ದಾರೆ. ಇಟ್ಕೊಳ್ಲಿ ಬಿಡ್ರಿ.

೧. ಟೆಂಪರೇಚರ್

ಹೊನ್ನಾಳಿಯ ಮೇಷ್ಟ್ರೊಬ್ಬರು ಮೊಮ್ಮಗನ ನಾಮಕರಣದ ವಿಡಿಯೋ ನೋಡಾಕೆ ಬಂದಿದ್ರು. ಬಲ್ಬಿನ ಬೆಳಕಿಗೆ ಮನೆಮಂದಿಯೆಲ್ಲ ಕಾಮಾಲೆ ಬಂದೋರಂಗೆ ಹಳದಿ ಕಾಣ್ತಿದ್ರು.

"ಟೆಂಪರೇಚರ್ ಜಾಸ್ತಿ ಆಗೈತೆ ಸಾರ್, ಇಳಿಸ್ತೀನಿ" ಅಂದೆ. ಹಳದಿ ಕಡಿಮೆ ಮಾಡಿ ನೀಲಿ ಕಡೆ ಎಳೆಯೋದಕ್ಕೆ ನಮ್ಮಲ್ಲಿ ಹಂಗೇ ಅನ್ನೋದು. ಮೇಷ್ಟ್ರು ಎದ್ದು ಫ್ಯಾನನ್ನು ಐದಕ್ಕೆ ತಿರುಗಿಸಿದರು. ಟೇಬಲ್ ಮೇಲಿದ್ದ ಚೀಟಿಗಳೆಲ್ಲ ಹಾರಿ ರಸ್ತೆಗೆ ಬಿದ್ದವು. ನಾನು ಬಿಸಿಲಲ್ಲಿ ಬಗ್ಗಿ ಆರಿಸ್ತಿದ್ರೆ ಒಳಗಿಂದ ಕೇಳ್ತಾರೆ, "ಈಗ ಇಳೀತೇನಮ್ಮ?"

೨. ಕೆಂಪು

ನಲ್ಲೂರಿನ ಅಡಿಕೆ ವ್ಯಾಪಾರಿ ತನ್ನ ಮಾಲಿನ ವಿಡಿಯೋ ತಂದ. ಮೂಟೆ ಮುಂದೆ ನಿಂತು ತಾನೇ ನಗ್ತಾ ಮಾತಾಡಿದ್ದ.

"ಅಡಿಕೆ ಇನ್ನೊಂಚೂರು ಕೆಂಪು ಮಾಡ್ರಿ."

"ಅಣ್ಣ, ಕೊಳ್ಳೋರು ಮೂಟೆ ಬಿಚ್ಚಿ ನೋಡ್ತಾರೆ. ಸುಳ್ಳು ಹೇಳಾಕೆ ನನ್ನ ಕಂಪ್ಯೂಟರೇ ಬೇಕೇನು?" ಅಂತ ರೇಗಿದೆ. ಮೂಲ ವಿಡಿಯೋನೇ, ಒಂದು ಬಟನ್ನೂ ಮುಟ್ಟದೆ, ಪರದೆ ತುಂಬ ತೋರಿಸಿದೆ.

"ಅಡಿಕೆ ಬಿಟ್ಟು ನನ್ನ ಹಲ್ಲು ಕೆಂಪು ಮಾಡೀರಲ್ರೀ!" ಅಂತ ನನ್ನ ಮೇಲೇ ಹರಿಹಾಯ್ದ. ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಮತ್ತೆ ಬೈದ.

೩. ಹಳದಿ

ಜಗಳೂರಿನ ಅತ್ತೆಯೊಬ್ಬರು ಮಗನ ಮದುವೆ ವಿಡಿಯೋ ನೋಡಾಕೆ ಹೊಸ ಸೊಸೆಯನ್ನು ಕರ್ಕೊಂಡು ಬಂದರು. ಸೊಸೆ ಚನ್ನಗಿರಿ ಕಡೆಯವಳು, ಎಣ್ಣೆಗಪ್ಪು, ಲಕ್ಷಣದ ಹುಡುಗಿ.

"ಇವಳನ್ನ ಬೆಳ್ಳಗೆ ಮಾಡ್ರಿ. ನೆಂಟರಿಗೆ ತೋರಿಸಬೇಕು."

"ಗೋಡೆಗೆ ಸುಣ್ಣ ಹೊಡೆಯೋ ಕೆಲಸ ನಂದಲ್ಲ ಕಣಮ್ಮ."

"ಹಂಗಾದ್ರೆ ವಿಡಿಯೋನೇ ಬ್ಯಾಡ!"

ಹುಡುಗಿ ತಲೆ ತಗ್ಗಿಸಿ, "ಮಾಡಿಬಿಡ್ರಿ ಅಕ್ಕ" ಅಂದ್ಲು. ಅವಳಿಗಾಗಿ ನನ್ನ ಹಟ ಒಂದ್ಸಲ ಬಿಟ್ಟೆ. ಆಗ್ಲಿ ಅಂತ ಹಳದಿ ಪೂರ್ತಿ ಇಳಿಸಿ, ಬೆಳಕು ಪೂರ್ತಿ ಏರಿಸಿದೆ. ಹುಡುಗಿ ಹಾಲಿನಂಗೆ ಬೆಳ್ಳಗಾದಳು.

"ಈಗ ನೋಡ್ರಿ, ಮಹಾಲಕ್ಷ್ಮಿ!" ಅಂತ ಅತ್ತೆ ಹಿಗ್ಗಿದರು.

ಅಷ್ಟರಲ್ಲಿ ತಾಳಿ ಕಟ್ಟೋ ದೃಶ್ಯ ಬಂತು. ಅತ್ತೆ ಕುರ್ಚಿ ಬಿಟ್ಟು ಎದ್ದರು. "ಅಯ್ಯೋ ಶಿವನೇ! ಅರಿಶಿನ ದಾರ ಬೆಳ್ಳಗಾಗೈತಲ್ರೀ! ನನ್ನ ಮಗ ಬಿಳೀ ದಾರ ಕಟ್ಟಿದ ಅಂತ ಜನ ಆಡ್ಕೊಳ್ಳಲ್ವಾ? ಅರಿಶಿನ ವಾಪಸ್ ಹಾಕ್ರಿ, ಮೊದ್ಲು ಹಾಕ್ರಿ!"

ಹಾಕಿದೆ. ದಾರ ಅರಿಶಿನವಾಯ್ತು, ಹುಡುಗಿಯೂ ತನ್ನ ಬಣ್ಣಕ್ಕೆ ಬಂದಳು.

"ಮುಖ ಬಿಟ್ಟು ದಾರಕ್ಕೆ ಮಾತ್ರ ಹಾಕ್ರಿ" ಅಂದರು ಅತ್ತೆ.

ನಾನು ಜಗಳಕ್ಕೆ ಬಾಯಿ ತೆಗೆಯೋದ್ರೊಳಗೆ ಹುಡುಗಿ ತಲೆ ಎತ್ತಿದಳು. "ಅತ್ತೆಮ್ಮ, ದಾರ ನನ್ನ ಕೊಳ್ಳಾಗೇ ಐತೆ. ದಾರ ಬೇಕಂದ್ರೆ ಮುಖಾನೂ ಹಿಂಗೇ ಬರ್ತೈತೆ. ತಗೊಳ್ರಿ, ಇಲ್ಲ ಎರಡೂ ಬಿಡ್ರಿ."

ಅತ್ತೆಯ ಮುಖ ಕೆಂಪಾಯ್ತು. ಅದನ್ನ ನಾನು ತಿದ್ದಾಕೆ ಹೋಗಲಿಲ್ಲ. ಅದು ಕ್ಯಾಮೆರಾ ತಪ್ಪಲ್ಲ.