ಓರೆ ಕಾಲಿನ ಊಟದ ಮೇಜು

ಕೆಲವರಿಗೆ ಚಿನ್ನದ ಆಸೆ, ಕೆಲವರಿಗೆ ಕಾಶಿಗೆ ಹೋಗುವ ಆಸೆ. ನನಗಿದ್ದದ್ದು ಊಟದ ಮೇಜಿನ ಆಸೆ. ಹೇಳಿದರೆ ಜನ ನಗುತ್ತಾರೆ. ಅಂಗಡಿಗೆ ಹೋಗಿ ಒಂದು ತಂದರಾಯಿತಪ್ಪ, ಅದಕ್ಕೇನು ತಪಸ್ಸು ಎನ್ನುತ್ತಾರೆ. ಅವರು ಡೊಂಬಿವಲಿಯ ನಮ್ಮ ಮನೆ ನೋಡಿಲ್ಲ. ನಮ್ಮ ಹಾಲಿನಲ್ಲಿ ಒಬ್ಬರು ಸೂರ್ಯನಮಸ್ಕಾರ ಮಾಡಬೇಕಾದರೆ ಉಳಿದವರು ಬಾಲ್ಕನಿಗೆ ಹೋಗಬೇಕು.

ಆಸೆ ಹತ್ತಿಕೊಂಡದ್ದು ವಾಶಿಯಲ್ಲಿ. ಬೇಲಾಪುರದ ನಮ್ಮ ಕಚೇರಿಯ ಮೇಲಧಿಕಾರಿ ಕುಲಕರ್ಣಿ ಮೇಡಂ ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಅವರಲ್ಲಿ ತಂದೆಯ ಕಾಲದ ತೇಗದ ಮೇಜೊಂದಿತ್ತು. ಅದರ ಕಾಲುಗಳು ಕೆಳಗಿಳಿದಂತೆ ಸಣ್ಣಗಾಗಿ ಹೊರಕ್ಕೆ ಓರೆಯಾಗಿದ್ದವು, ಈಗಷ್ಟೇ ನಿಲ್ಲಲು ಕಲಿತ ಕರುವಿನ ಹಾಗೆ. ಸುತ್ತ ಬೆತ್ತದ ಬೆನ್ನಿನ ಕುರ್ಚಿಗಳು, ಮೇಲಿನಿಂದ ಇಳಿಬಿಟ್ಟ ಗುಂಡು ದೀಪ. ಅದರ ಕೆಳಗೆ ಮೇಡಂ, ಅವರ ಯಜಮಾನರು, ಮಗ, ಸೊಸೆ ಎಲ್ಲ ಕೂತು ಎಳ್ಳು ಹೋಳಿಗೆಗಾಗಿ ಕಿತ್ತಾಡುತ್ತಿದ್ದರು. ಕಚೇರಿಯಲ್ಲಿ ನಗಲು ರಜೆ ಅರ್ಜಿ ಹಾಕಬೇಕೇನೋ ಅನ್ನುವಂತಿರುವ ಮೇಡಂ ಅಲ್ಲಿ ಬಾಯಿತುಂಬ ನಗುತ್ತಿದ್ದರು.

ನಾವು ನಾಲ್ವರು ಒಟ್ಟಿಗೆ ಕೂತು ಉಂಡದ್ದು ಯಾವಾಗ? ವಾಶಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿಯವರೆಗೂ ಲೋಕಲಿನಲ್ಲಿ ಜೋತಾಡುತ್ತ ಯೋಚಿಸಿದೆ. ನೆನಪಾಗಲಿಲ್ಲ. ನನ್ನವರು ಠಾಣೆಯ ಮಾಜಿವಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಕು ಹರಿಯುವ ಮೊದಲು ಹೋದರೆ ನಾವು ಮಲಗಿದ ಮೇಲೆ ಬರುವವರು. ಅವರಿಗೆ ರಜೆ ಮಂಗಳವಾರ, ನನಗೆ ಭಾನುವಾರ. ಅತ್ತೆ ಹಸಿವಾದಾಗ ಗಂಜಿ ಉಂಡು ಮುಗಿಸುತ್ತಾರೆ. ಕಾಲೇಜಿಗೆ ಹೋಗುವ ಮಗಳು ರಶ್ಮಿಗೆ ಟಿವಿಯೇ ಪಂಕ್ತಿ.

ಮೇಜಿನ ವರ್ಣನೆ ಕೇಳಿ ರಶ್ಮಿ ಮೊಬೈಲಿನಲ್ಲಿ ಅಂಥದ್ದೇ ಚಿತ್ರ ಹುಡುಕಿ ತೋರಿಸಿದಳು. "ಮಮ್ಮೀ, ಇಸ್ಕೋ ಮಿಡ್‌ಸೆಂಚುರಿ ಮಾಡರ್ನ್ ಬೋಲ್ತೇ ಹೈಂ. ಐವತ್ತು ಅರವತ್ತರ ದಶಕದ್ದು."

ಅತ್ತೆ ಕನ್ನಡಕ ಏರಿಸಿ ನೋಡಿದರು. "ನನ್ನ ಕಾಲದ್ದೇ. ನನ್ನ ಕಾಲೂ ಹೀಗೇ ಸೊಟ್ಟಗಾಗಿದೆ. ನನ್ನನ್ನು ಯಾರೂ ಮಾಡರ್ನ್ ಅನ್ನಲಿಲ್ಲ."

ನನ್ನವರು ಮಾತ್ರ ಕೈಮುಗಿದರು. "ದಿನವಿಡೀ ಮೇಜುಗಳ ನಡುವೆಯೇ ಸಾಯ್ತೇನೆ ಮಾರಾಯ್ತಿ. ಮನೆಯಲ್ಲೂ ಒಂದು ಇಟ್ರೆ ಅಭ್ಯಾಸಬಲದಿಂದ ನಿಂಗೇ ಬಿಲ್ ಕೊಟ್ಟುಬಿಟ್ಟೇನು."

ನಾನು ಬಿಡಲಿಲ್ಲ. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ಇಳಿಸಿದರೆ ಜಾಗವಾಗುತ್ತದೆ ಎಂದು ಲೆಕ್ಕ ಹಾಕಿದೆ. ನಮ್ಮ ಕಟ್ಟಡದ ಸೊಸೈಟಿಯ ಅನುಮತಿಗಾಗಿ ಸೆಕ್ರೆಟರಿಯ ಹೆಂಡತಿಗೆ ಹಲಸಿನ ಹಪ್ಪಳ ಸಂದಾಯವಾಯಿತು. ಗೋಡೆ ಒಡೆಯಲು ವಿಜಯಪುರದ ಭೀಮಪ್ಪ ಬಂದ. ಸುತ್ತಿಗೆ ಎತ್ತಿ, "ಯವ್ವಾ, ಇನ್ನೊಮ್ಮಿ ವಿಚಾರ ಮಾಡ್ರಿ. ಗ್ವಾಡಿ ಬಿತ್ತಂದ್ರ ಬೈಯೂದು ಹಾಲಿಗೆ ಕೇಳಸ್ತದ" ಎಂದ. ಅರ್ಧ ಗೋಡೆ ಉಳಿಸಿದೆವು.

ಮೇಜು ಬಂತು. ಓರೆ ಕಾಲು, ಬೆತ್ತದ ಕುರ್ಚಿ, ಗುಂಡು ದೀಪ, ಎಲ್ಲ ಚಿತ್ರದಲ್ಲಿದ್ದಂತೆಯೇ. ಚಿತ್ರದಲ್ಲಿ ಫ್ರಿಜ್ ಇರಲಿಲ್ಲ, ಅಷ್ಟೆ. ಈಗ ನಮ್ಮ ಫ್ರಿಜ್ಜಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಕುಂಬಳಕಾಯಿ ತರುವುದು ನಿಂತಿತು. ಓರೆ ಕಾಲಿಗೆ ಎಡವದ ನೆಂಟರಿಲ್ಲ. ಮೇಜಿನ ಮೇಲೆ ಇಸ್ತ್ರಿ ಬಟ್ಟೆ, ರಶ್ಮಿಯ ಲ್ಯಾಪ್‌ಟಾಪ್, ಅತ್ತೆಯ ಹೂಬತ್ತಿ ಎಲ್ಲ ಸುಖವಾಗಿ ನೆಲೆಸಿದವು. ಮನುಷ್ಯರೇ ಕೂರಲಿಲ್ಲ. ಸಂಜೆ ಕಚೇರಿಯಿಂದ ಬಂದು ಆ ಖಾಲಿ ಕುರ್ಚಿಗಳನ್ನು ನೋಡುವಾಗ, ಮೇಜಿಲ್ಲದಿದ್ದಾಗಿನ ಆಸೆಯೇ ಹಗುರವಾಗಿತ್ತು ಅನ್ನಿಸುತ್ತಿತ್ತು.

ಆಮೇಲೆ ಒಂದು ದಿನ ಬಂದ್ ಆಯಿತು. ರೈಲಿಲ್ಲ, ಹೋಟೆಲಿಲ್ಲ, ಕಚೇರಿಯಿಲ್ಲ, ಕಾಲೇಜಿಲ್ಲ. ಯಾವ ಕಾರಣಕ್ಕೆ ಬಂದ್ ಎಂದು ನಾನು ಕೇಳಲೂ ಇಲ್ಲ. ಅಕ್ಕಿ ರುಬ್ಬಿ ನೀರುದೋಸೆಗೆ ಕಾವಲಿ ಇಟ್ಟೆ.

ಅತ್ತೆ, ರಶ್ಮಿ ಕೂತರು. ನನ್ನವರು ಒದ್ದೆ ಬಟ್ಟೆ ತಂದು ಮೇಜು ಒರೆಸಿ, ಲೋಟಕ್ಕೆ ನೀರು ತುಂಬಿ, ಪಕ್ಕದಲ್ಲಿ ನಿಂತು ಕೇಳಿದರು: "ಮತ್ತೇನು ಬೇಕು?"

"ಪಪ್ಪಾ, ಬೈಠೋ ನಾ!" ಎಂದಳು ರಶ್ಮಿ.

ಕೂತರು, ಪಾಕೀಟು ಮರೆತು ಬಂದ ಗಿರಾಕಿಯ ಹಾಗೆ, ಕುರ್ಚಿಯ ತುದಿಯಲ್ಲಿ. ಎರಡನೇ ದೋಸೆಗೆ ಬೆನ್ನು ಬೆತ್ತಕ್ಕೆ ತಾಗಿತು. ಮೂರನೆಯದಕ್ಕೆ ಬಾಯಿ ಬಿಟ್ಟರು. ದಿನಾ ಬಂದು ಸಾಂಬಾರಿಗೆ ಸಕ್ಕರೆ ಬೆರೆಸಿಕೊಳ್ಳುವ ಒಬ್ಬ ಸೇಠಜಿಯ ಕತೆ ಹೇಳಿದರು, ಅವನ ಹಾಗೆಯೇ ಚಮಚ ತಿರುಗಿಸಿ, ತುಟಿ ಚಪ್ಪರಿಸಿ ತೋರಿಸಿದರು. ರಶ್ಮಿ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟಳು. "ಅಜ್ಜೀ, ಪಪ್ಪಾ ಇತ್ನಾ ಬೋಲ್ತೇ ಹೈಂ?" ಅಪ್ಪ ಇಷ್ಟು ಮಾತಾಡುತ್ತಾರೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಇದೆಲ್ಲವನ್ನೂ ನೋಡಿದ್ದು ಅರ್ಧ ಗೋಡೆಯ ಈಚೆಯಿಂದ, ಕೈಯಲ್ಲಿ ಸೌಟು ಹಿಡಿದು. ನೀರುದೋಸೆ ಬಿಸಿಯಾಗೇ ತಿನ್ನಬೇಕಲ್ಲ! ಒಲೆ ಆರಿಸಿ ತಟ್ಟೆ ಹಿಡಿದು ಬರುವಷ್ಟರಲ್ಲಿ ರಶ್ಮಿ ಟಿವಿಗೂ ಅತ್ತೆ ಹಾಸಿಗೆಗೂ ಹೋಗಿದ್ದರು. ನನ್ನವರು ಕೈ ತೊಳೆದು ಬಂದು ಪಕ್ಕದಲ್ಲಿ ನಿಂತರು.

"ನಿಂಗೇನು ಬೇಕು?"

ಎಷ್ಟು ದಿನದ ಆಸೆ! ಆದರೂ ತಟ್ಟನೆ ಹೇಳಲು ನಾಚಿಕೆಯಾಯಿತು. "ಸ್ವಲ್ಪ ಹೊತ್ತು ಎದುರಿಗೆ ಕೂತುಕೊಳ್ಳಿ, ಸಾಕು" ಎಂದೆ. ಅವರು ಕುರ್ಚಿ ಎಳೆದು ಕೂತರು.

ಅಷ್ಟರಲ್ಲಿ ಬಟ್ಟೆ ಒಣಹಾಕಿಲ್ಲವೆಂದು ನೆನಪಾಗಿ ನಾನೇ ಎದ್ದುಬಿಟ್ಟೆ.